ನಿಧಾನವಾಗಿ ಎಣಿಸಿದ ದಿನದ ಹದಿನಾರು ಪೀಪಾಯಿ

ಬೆಳಗಿನ ಐದೂವರೆ. ಗೋದಾಮಿನ ದೊಡ್ಡ ಬಾಗಿಲನ್ನು ಭುಜ ಕೊಟ್ಟು ತಳ್ಳಿ ಒಳಗೆ ಹೆಜ್ಜೆಯಿಟ್ಟ ಅಕ್ಕ ದೀಪ ಹಾಕುವುದಿಲ್ಲ. ನಾನು ಗೋಡೆ ತಡವುತ್ತ ಸ್ವಿಚ್ಚು ಹುಡುಕಲು ಹೊರಟರೆ, "ಅಯ್ಯೋ, ಒಂದು ನಿಮಿಷ ಸುಮ್ನಿರಿ" ಎಂದು ತಡೆಯುತ್ತಾರೆ. ಬಾಯಿ ಚೂರೇ ಚೂರು ತೆರೆದು, ಕತ್ತು ಎತ್ತಿ, ಕತ್ತಲಲ್ಲಿ ನಿಂತು ಉಸಿರೆಳೆದುಕೊಳ್ಳುತ್ತಾರೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಆಮೇಲೆ ತಾವೇ ದೀಪ ಹಾಕಿ, "ಎಡಗಡೆ, ಮೇಲಿಂದ ಎರಡನೇ ಸಾಲು. ಯಾವನೋ ಸೋರ್ತಾ ಇದಾನೆ" ಎನ್ನುತ್ತಾರೆ.

ಹೋಗಿ ನೋಡಿದರೆ ನಿಜಕ್ಕೂ ಸೋರುತ್ತಿದೆ. ಮರದ ಅಟ್ಟಣೆಯ ಮೇಲೆ ಮಲಗಿಸಿದ ಪೀಪಾಯಿಯ ಎರಡು ಹಲಗೆಗಳ ನಡುವೆ ಕೂದಲೆಳೆಯಷ್ಟು ಸಂದು. ಅಲ್ಲಿಂದ ಕಂದು ಬಣ್ಣದ ಒಂದು ಹನಿ ಮೂಡುತ್ತದೆ, ದಪ್ಪಗಾಗುತ್ತದೆ, ಜಾರುತ್ತದೆ. ಅಕ್ಕ ಸೊಂಟದ ಚೀಲದಿಂದ ಬೆರಳುದ್ದದ ಮರದ ಬೆಣೆಯೊಂದನ್ನು ತೆಗೆದು ಸಂದಿಗೆ ಇಟ್ಟು, ಕೊಡತಿಯಿಂದ ಮೂರು ಪೆಟ್ಟು ಕೊಡುತ್ತಾರೆ. ಹನಿ ನಿಲ್ಲುತ್ತದೆ. ಬೆರಳಿಗಂಟಿದ್ದನ್ನು ನೆಕ್ಕಿ, ಒಂದು ಕ್ಷಣ ಯೋಚಿಸಿ, ಪೀಪಾಯಿಯ ಮುಖದ ಮೇಲೆ ಸೀಮೆಸುಣ್ಣದಲ್ಲಿ ಏನೋ ಬರೆಯುತ್ತಾರೆ. ಬಗ್ಗಿ ನೋಡುತ್ತೇನೆ: 'ಇರಲಿ'.

ಇಲ್ಲಿ ಮಾಗುವುದು ಬರ್ಬನ್ ವಿಸ್ಕಿ. ಮೆಕ್ಕೆಜೋಳದಿಂದ ಬಟ್ಟಿ ಇಳಿಸಿದ, ನೀರಿನಷ್ಟೇ ತಿಳಿಯಾದ ಮದ್ಯವನ್ನು ಒಳಗೋಡೆ ಸುಟ್ಟ ಹೊಸ ಓಕ್ ಪೀಪಾಯಿಗೆ ತುಂಬಿ ವರ್ಷಗಟ್ಟಲೆ ಮಲಗಿಸುತ್ತಾರೆ. ಬಣ್ಣ, ಪರಿಮಳ, ಸಿಹಿ ಎಲ್ಲ ಬರುವುದು ಆ ಸುಟ್ಟ ಮರದಿಂದಲೇ. ಯಾವ ಪೀಪಾಯಿ ಮಾಗಿದೆ, ಯಾವುದು ಇನ್ನೂ ಕಾಯಬೇಕು, ಯಾವುದು ಕೈಮೀರಿದೆ ಎಂದು ಮೊದಲ ಮಾತು ಹೇಳುವವರು ಈ ಅಕ್ಕ. ಮಾಗಿದ್ದಕ್ಕೆ 'ಹೂಂ', ಕೆಟ್ಟಿದ್ದಕ್ಕೆ 'ಊಹೂಂ', ಉಳಿದದ್ದಕ್ಕೆಲ್ಲ 'ಇರಲಿ'. ಅಂಗಡಿಯ ಕಪಾಟಿನಲ್ಲಿ ಹೊಳೆಯುವ ಬಾಟಲಿಯ ಮೇಲೆ ಇವರ ಹೆಸರಿಲ್ಲ, ಸಹಿಯಿಲ್ಲ. ಕೆಲಸದವರ ಬಾಯಲ್ಲಿ ಇವರು ಬರೀ 'ಗೋದಾಮಿನಕ್ಕ'.

ಐವತ್ತೆಂಟು ವರ್ಷ. ಮೊಣಕಾಲಿಗೆ ಉಣ್ಣೆಯ ಪಟ್ಟಿ, ಕಿವಿಯ ಹಿಂದೆ ಸೀಮೆಸುಣ್ಣದ ತುಂಡು, ಬಾಯಲ್ಲಿ ಯಾವಾಗಲೂ ಒಂದು ಕೊಂಕು ಮಾತು. ಗೋದಾಮಿಗೆ ನಾಲ್ಕು ಮಹಡಿ, ಮೂರು ಸಾವಿರದ ಇನ್ನೂರು ಪೀಪಾಯಿ, ಅರವತ್ತನಾಲ್ಕು ಮೆಟ್ಟಿಲು. ದಿನಕ್ಕೆ ನಾನೂರನ್ನು ತಟ್ಟಿ, ಮೂಸಿ, ಸವರಿ ನೋಡುತ್ತಾರೆ. ಹಾಗೆ ಎಂಟು ದಿನಕ್ಕೆ ಒಂದು ಸುತ್ತು ಮುಗಿಯುತ್ತದೆ, ಒಂಬತ್ತನೇ ದಿನ ಮತ್ತೆ ಮೊದಲಿನಿಂದ. ತಟ್ಟಿದಾಗ ತುಂಬಿದ ಪೀಪಾಯಿ ಮೊದ್ದಾಗಿ 'ದಬ್' ಎನ್ನುತ್ತದೆ, ಆರಿಹೋದದ್ದು 'ಟಣ್' ಎನ್ನುತ್ತದೆ. ನಡುವಿನ ಇಪ್ಪತ್ತು ಬಗೆಯ ಸದ್ದುಗಳನ್ನು ನನಗೆ ಕಲಿಸಲು ನೋಡಿ ಅರ್ಧ ಗಂಟೆಗೇ ಕೈಬಿಟ್ಟರು. "ಪೇಪರಿನವರಿಗೆ ಬರೆಯೋಕೆ ಬಂದ್ರೆ ಸಾಕು ಬಿಡಿ" ಎಂದು ಸಮಾಧಾನವನ್ನೂ ಹೇಳಿದರು.

ಮೂವತ್ತೊಂದು ವರ್ಷದ ಹಿಂದೆ ಇಲ್ಲಿಗೆ ಬಂದದ್ದು ನೆಲ ಗುಡಿಸಲು. ಗುಡಿಸುತ್ತ ಗುಡಿಸುತ್ತ, "ಅಲ್ಲೊಂದು ಸೋರುತ್ತಿದೆ" ಎಂದು ಹೇಳುತ್ತಿದ್ದರಂತೆ. ಮೊದಮೊದಲು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೇಳಿದ್ದೆಲ್ಲ ನಿಜವಾಗತೊಡಗಿದಾಗ ದೊಡ್ಡ ಯಜಮಾನರು ಪೊರಕೆ ತೆಗೆದುಕೊಂಡು ಕೊಡತಿ ಕೊಟ್ಟರು. ಅಟ್ಟಣೆ ಹತ್ತಿದ ಮೊದಲ ಹೆಂಗಸು ಇವರೇ. "ಕೆಳಗೆ ನಿಂತು ನಗೋರು. ಒಂದು ಸಲ ಬಿದ್ದು ಮಣಿಕಟ್ಟು ಮುರ್ಕೊಂಡೆ. ಆಗಲೂ ನಕ್ರು. ಕಟ್ಟು ಬಿಚ್ಚಿದ ಮಾರನೇ ದಿನವೇ ಹತ್ತಿದೆ. ಆಮೇಲೆ ನಗೋದು ಬೇಜಾರಾಯ್ತೇನೋ, ಬಿಟ್ರು" ಎನ್ನುತ್ತಾರೆ. ಮನೆಯಲ್ಲೂ ಕಥೆ ಸುಲಭವಿರಲಿಲ್ಲ. ಸೊಸೆಗೆ ಎಲ್ಲಿ ಕೆಲಸ ಎಂದು ಯಾರಾದರೂ ಕೇಳಿದರೆ ಅತ್ತೆ, "ಮರದ ಗೋದಾಮಿನಲ್ಲಿ" ಎಂದಷ್ಟೇ ಹೇಳುತ್ತಿದ್ದರಂತೆ. ಸುಳ್ಳಂತೂ ಅಲ್ಲ.

ಹಾಗಾದರೆ ನೀವು ಕುಡಿಯುವುದೇ ಇಲ್ಲವೇ ಎಂದು ನಾನು ಸ್ವಲ್ಪ ಭಕ್ತಿಯಿಂದಲೇ ಕೇಳುತ್ತೇನೆ. ಅಕ್ಕ ಕಣ್ಣರಳಿಸುತ್ತಾರೆ. "ಕುಡೀದೆ ಇರೋಕೆ ನಂಗೇನು ತಲೆ ಕೆಟ್ಟಿದೆಯಾ? ಇಲ್ಲಿ ಬರೀ ಮುಕ್ಕಳಿಸಿ ಉಗಿಯೋದು, ಅದು ಕೆಲಸ. ರಜಾ ದಿನ ಸಂಜೆ ಮನೆಯವರೂ ನಾನೂ ಒಂದೊಂದು ಚಿಕ್ಕ ಲೋಟ. ಅವರಿಗೆ ಒಂದು ಚಮಚ ನೀರು ಬೇಕು, ನಂಗೆ ಎರಡು ಹನಿ ಸಾಕು." ಮನೆಯವರು ದರ್ಜಿ. ಹೆಂಡತಿಯ ಸೊಂಟದ ಚೀಲ ಹೊಲಿದುಕೊಟ್ಟದ್ದು ಅವರೇ, ಬೆಣೆಗೊಂದು ಜೇಬು, ಸೀಮೆಸುಣ್ಣಕ್ಕೊಂದು, ಮೊಣಕಾಲಿನ ಮುಲಾಮಿಗೊಂದು.

ಇಷ್ಟು ಹೊತ್ತಿಗೆ ಬಿಸಿಲು ಎರಡನೇ ಮಹಡಿಯ ಕಿಟಕಿಗೆ ಬಂದಿದೆ. ನನ್ನ ಹೊಟ್ಟೆಯಲ್ಲಿದ್ದ ಪ್ರಶ್ನೆಯನ್ನು ಹೊರಗೆ ಹಾಕುತ್ತೇನೆ. ಹೋದ ವರ್ಷ ನಮ್ಮ ಮಾವ ಕೆಲಸದಿಂದ ನಿವೃತ್ತರಾದಾಗ, ಅಳಿಯನ ಮರ್ಯಾದೆ ಉಳಿಯಲಿ ಎಂದು ಇಪ್ಪತ್ತಮೂರು ವರ್ಷ ಮಾಗಿದ ಬರ್ಬನ್ ಒಂದನ್ನು ಹುಡುಕಿ ತಂದಿದ್ದೆ. ಎಲ್ಲರೆದುರು ಒಂದು ಗುಟುಕು ಕುಡಿದ ಮಾವ, "ಚೆನ್ನಾಗಿದೆ, ಬಡಗಿ ಅಂಗಡಿ ನೆಕ್ಕಿದ ಹಾಗಿದೆ" ಎಂದುಬಿಟ್ಟರು. ಎಲ್ಲಿ ತಪ್ಪಿತು?

ಅಕ್ಕ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ. "ನಿಮ್ಮ ಮಾವನಿಗೆ ನಾಲಿಗೆ ಇದೆ, ನಿಮಗೆ ಬರೀ ಕಣ್ಣಿದೆ. ನೀವು ನಂಬರು ನೋಡಿ ತಂದ್ರಿ. ಹೊಸ ಮರ, ಅದೂ ಸುಟ್ಟ ಮರ, ಸುಮ್ನೆ ಕೂರಲ್ಲ. ಮೊದಲು ಕೊಡುತ್ತೆ, ಆಮೇಲೂ ಕೊಡುತ್ತೆ, ಸಾಕು ಅಂದ್ರೂ ಕೊಡ್ತಾನೇ ಇರುತ್ತೆ. ಮೇಲಿನ ಮಹಡಿ ಕಾವಲ್ಲಿ ಆರೇ ವರ್ಷಕ್ಕೆ ಸಾಕಾಗುತ್ತೆ. ಕೆಳಗೆ ತಂಪಲ್ಲಿ ಹತ್ತು, ಹನ್ನೆರಡು. ಅದು ದಾಟಿಯೂ ಚೆನ್ನಾಗಿರೋವು ಇರ್ತವೆ, ಆದ್ರೆ ಅವು ಅಪರೂಪ."

ಅಂಗಡಿಗೆ ಹೋದವನು ಹೇಗೆ ಆರಿಸಬೇಕು? "ಕುಡಿದು ನೋಡೋಕೆ ಕೊಡೋ ಜಾಗಕ್ಕೆ ಹೋಗಿ. ವರ್ಷ ಬರೆದಿರೋ ಜಾಗಕ್ಕೆ ಹೆಬ್ಬೆಟ್ಟು ಅಡ್ಡ ಇಡಿ. ಎರಡು ಹನಿ ಅಂಗೈಗೆ ಹಾಕಿ ಉಜ್ಜಿ, ಘಾಟು ಹಾರಿಹೋಗ್ಲಿ. ಆಮೇಲೆ ಮೂಸಿ. ಸುಟ್ಟ ಸಕ್ಕರೆ, ಒಣಗಿದ ಹಣ್ಣು, ಜೊತೆಗೆ ಹಳೇ ಬೀರುವಿನ ಬಾಗಿಲು ತೆಗೆದ ಹಾಗೆ ಒಂಚೂರು ವಾಸನೆ ಬಂತಾ, ತಗೊಳ್ಳಿ. ಬರೀ ಬೀರು ಮಾತ್ರ ಬಂತಾ, ವಾಪಸ್ ಇಡಿ. ಬಾಯಿಗೆ ಹಾಕಿದ್ಮೇಲೆ ನಾಲಿಗೆ ಒಣಗಿದ್ರೆ ಮರ ಗೆದ್ದಿದೆ ಅಂತ ಅರ್ಥ. ಬಾಯಲ್ಲಿ ನೀರೂರಿದ್ರೆ ನೀವು ಗೆದ್ರಿ." ಇನ್ನೊಂದು ಮಾತನ್ನೂ ಸೇರಿಸುತ್ತಾರೆ. ಬಾಟಲಿಗೆ ಹೋದ ಮೇಲೆ ವಿಸ್ಕಿ ಮಾಗುವುದಿಲ್ಲ. "ತಂದು ಹತ್ತು ವರ್ಷ ಕಪಾಟಲ್ಲಿಟ್ರೆ ನಿಮ್ಮ ಮಾವನಿಗೆ ವಯಸ್ಸಾಗುತ್ತೆ ಅಷ್ಟೆ."

ಇಷ್ಟು ಖಚಿತವಾಗಿ ಮಾತಾಡುವ ಅಕ್ಕ ನೆಲಮಹಡಿಯ ಬಡಗಣ ಮೂಲೆಗೆ ಬಂದಾಗ ಮಾತ್ರ ದನಿ ತಗ್ಗಿಸುತ್ತಾರೆ. ಅಲ್ಲಿ ಗೋಡೆಗೆ ತಾಗಿ ಹದಿನಾರು ಪೀಪಾಯಿಗಳಿವೆ. ಹದಿನಾರರ ಮೇಲೂ 'ಇರಲಿ', ಅಳಿಸಿ ಬರೆದ 'ಇರಲಿ', ಅದರ ಕೆಳಗೆ ಇನ್ನೊಂದು 'ಇರಲಿ'. ನಾನು ಈ ದಿನವೇ ಇಲ್ಲಿಗೆ ಬಂದದ್ದು ನನ್ನ ಅದೃಷ್ಟ. ಹದಿಮೂರು ವರ್ಷದ ಈ 'ಇರಲಿ' ಇವತ್ತು ಹತ್ತು ಗಂಟೆಗೆ ಮುಗಿಯಬೇಕು.

ಕಥೆ ಅಕ್ಕನ ತಮ್ಮನದು. ಆತ ಇದೇ ಅಂಗಳದಲ್ಲಿ ಪೀಪಾಯಿಗಳ ಒಳಮೈ ಸುಡುತ್ತಿದ್ದವರು. ಉರಿಯುವ ಕುಲುಮೆಯ ಮೇಲೆ ಪೀಪಾಯಿ ಇಟ್ಟು, ಬಾಯಲ್ಲಿ ಐವತ್ತೈದರವರೆಗೆ ಎಣಿಸಿ, ತೆಗೆದು ನೀರು ಎರಚುವುದು. ಗಡಿಯಾರ ಬೇಕಾಗುತ್ತಿರಲಿಲ್ಲ, ಅವರ ಎಣಿಕೆಯೇ ಗಡಿಯಾರ. ಹದಿಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ, ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಅವರಿಗೆ ಮಗಳು ಹುಟ್ಟಿದಳು. ಎರಡು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದವರು ಕೂಸಿನ ಮುಖ ನೋಡಿದ್ದೇ ನೇರ ಕೆಲಸಕ್ಕೆ ಬಂದರು. ರಜೆ ತಗೋ ಎಂದರೆ ಕೇಳಲಿಲ್ಲ, ಎಲ್ಲರಿಗೂ ಹೇಳಬೇಕಿತ್ತಲ್ಲ. ಆ ದಿನ ಅವರು ಎಣಿಸಿದ್ದು ಐವತ್ತೈದೇ. ಆದರೆ ನಿದ್ದೆಗೆಟ್ಟ ಕಣ್ಣು, ತುಂಬಿದ ಎದೆ, ಬಾಯಲ್ಲಿ ನಗು. ಒಂದೊಂದು ಅಂಕಿಯೂ ಆರಾಮವಾಗಿ ಹೊರಬಂತು. ಯಾರೋ ಅನುಮಾನಪಟ್ಟು ಕೈಗಡಿಯಾರ ನೋಡುವಷ್ಟರಲ್ಲಿ ಹದಿನಾರು ಪೀಪಾಯಿಯ ಒಳಮೈ ಒಂದೂವರೆಪಟ್ಟು ಸುಟ್ಟು ಇದ್ದಿಲಾಗಿತ್ತು.

ಒಡೆದು ಸೌದೆ ಮಾಡಿ ಎಂದರು ದೊಡ್ಡ ಯಜಮಾನರು. ಅಡ್ಡ ಬಂದದ್ದು ಅಕ್ಕ. "ತುಂಬಿಸಿ ತಂಪು ಮೂಲೆಗೆ ಹಾಕಿ, ನಾನು ನೋಡ್ಕೋತೀನಿ ಅಂದೆ. ನನ್ನ ಮಾತಿಗೆ ಒಪ್ಪಿದ್ರು." ತಮ್ಮನನ್ನು ಬೆಂಕಿಯಿಂದ ತೆಗೆದು, ಪೀಪಾಯಿಗೆ ಕಬ್ಬಿಣದ ಪಟ್ಟಿ ಬಡಿಯುವ ಕೆಲಸಕ್ಕೆ ಹಾಕಿದರು. ಆತ ಮರುಮಾತಾಡಲಿಲ್ಲ. ಅವತ್ತಿನಿಂದ ಗೋದಾಮಿನ ಹೊಸ್ತಿಲು ತುಳಿದಿಲ್ಲ, ಆ ಪೀಪಾಯಿಗಳ ವಿಷಯ ಎತ್ತಿದರೆ ಎದ್ದು ಹೋಗುತ್ತಾರೆ.

ನಾಲ್ಕನೇ ವರ್ಷ ಅಕ್ಕ ರುಚಿ ನೋಡಿದಾಗ ಬರೀ ಬೂದಿ. 'ಇರಲಿ.' ಏಳನೇ ವರ್ಷ ಹೊಗೆ, ಅದರ ಹಿಂದೆ ಎಲ್ಲೋ ಒಂಚೂರು ಸಿಹಿ. 'ಇರಲಿ.' ಹತ್ತನೇ ವರ್ಷ? "ಹತ್ತನೇ ವರ್ಷ ಕೆಲವು ಚೆನ್ನಾಗಿದ್ವು ಅನ್ಸುತ್ತೆ. ಆದ್ರೆ ನಂಗೆ ಧೈರ್ಯ ಬರ್ಲಿಲ್ಲ. ಚೆನ್ನಾಗಿದೆ ಅಂದ್ರೆ ತಮ್ಮನ ಪರ ಹೇಳ್ದೆ ಅಂತಾರೆ. ಕೆಟ್ಟಿದೆ ಅಂದ್ರೆ ಅವನ ಮುಖ ಹೇಗೆ ನೋಡ್ಲಿ? ನಂಗೇ ನನ್ನ ಮೂಗಿನ ಮೇಲೆ ನಂಬಿಕೆ ಹೋಯ್ತು. ಮತ್ತೆ ಇರಲಿ ಅಂತ ಬರೆದೆ."

ಈಗ ಯಜಮಾನಿಕೆ ದೊಡ್ಡ ಯಜಮಾನರ ಮಗಳದ್ದು. ಅಕ್ಕ ಆಕೆಯನ್ನು ನಾಲ್ಕು ಜನರೆದುರು 'ಮೇಡಂ' ಎನ್ನುತ್ತಾರೆ, ಇಬ್ಬರೇ ಇದ್ದಾಗ 'ಮಗಾ'. ಇನ್ನೂರು ಲೀಟರು ತುಂಬಿದ್ದ ಪೀಪಾಯಿಗಳಲ್ಲಿ ಈಗ ನೂರ ಹತ್ತು ಉಳಿದಿದ್ದರೆ ಹೆಚ್ಚು, ಮಿಕ್ಕದ್ದನ್ನು ಗಾಳಿ ಕುಡಿದಿದೆ. ಇವತ್ತೇ ತೀರ್ಮಾನ ಎಂದು ಆಕೆ ಪಟ್ಟು ಹಿಡಿದಿದ್ದಾರೆ. ಮಾಗಿದವು ಬಾಟಲಿಗೆ, ಉಳಿದವು ಮತ್ತೆ ಬಟ್ಟಿಯ ಹಂಡೆಗೆ. ಅಕ್ಕ ಒಂದೇ ಒಂದು ಷರತ್ತು ಹಾಕಿದ್ದಾರೆ. ಯಾವ ಲೋಟದಲ್ಲಿ ಏನಿದೆ ಎಂದು ತನಗೆ ಗೊತ್ತಾಗಬಾರದು. "ಮೂಗಿಗೆ ರಕ್ತಸಂಬಂಧ ತಿಳೀಬಾರ್ದು."

ಹತ್ತು ಗಂಟೆ. ಕಚೇರಿಯ ಪಕ್ಕದ ಚಿಕ್ಕ ಕೋಣೆ, ಒಂದು ಉದ್ದ ಮೇಜು, ಒಂದು ಕಿಟಕಿ, ಉಗಿಯಲು ಒಂದು ತೊಟ್ಟಿ. ಮೇಜಿನ ಮೇಲೆ ಇಪ್ಪತ್ತು ಕಪ್ಪು ಪಿಂಗಾಣಿ ಬಟ್ಟಲು, ಬಣ್ಣವೂ ಕಾಣದ ಹಾಗೆ. ಹದಿನಾರರಲ್ಲಿ ತಮ್ಮನ ಪೀಪಾಯಿಯದು, ನಾಲ್ಕರಲ್ಲಿ ಅದೇ ಮಹಡಿಯ, ಹೆಚ್ಚುಕಡಿಮೆ ಅದೇ ವಯಸ್ಸಿನ ಬೇರೆಯದು. ಗುರುತು ಬಟ್ಟಲಿನ ತಳದಲ್ಲಿದೆ. ಜೋಡಿಸುವಾಗ ಅಕ್ಕನನ್ನು ಹೊರಗೆ ನಿಲ್ಲಿಸಿ ನನ್ನನ್ನು ಕಾವಲಿಗೆ ಹಾಕಿದ್ದರು. ಹೊರಗೆ ಅಕ್ಕ ಸೀಮೆಸುಣ್ಣವನ್ನು ಉಗುರಿನಿಂದ ಕೆರೆಯುತ್ತ ನಿಂತಿದ್ದರು. ಸೆರಗಿಗೆಲ್ಲ ಬಿಳಿ ಪುಡಿ.

"ಎರಡೇ ಗುಂಪು, ಅಕ್ಕ. ಹೂಂ, ಊಹೂಂ. ಇವತ್ತು ಇರಲಿ ಇಲ್ಲ" ಎನ್ನುತ್ತಾರೆ ಯಜಮಾನಿ.

"ಗೊತ್ತು ಮೇಡಂ."

ಮೊದಲ ಬಟ್ಟಲು. ಮೂಸುವುದು, ಅಂಗೈಗೆ ಹನಿ, ಉಜ್ಜುವುದು, ಮತ್ತೆ ಮೂಸುವುದು, ಗುಟುಕು, ಉಗಿಯುವುದು. ಊಹೂಂ. ಎರಡನೆಯದು ಊಹೂಂ. ಮೂರನೆಯದನ್ನು ಉಗಿಯುವ ಮೊದಲು ಬಾಯಲ್ಲೇ ತುಸು ಹೊತ್ತು ಇಟ್ಟುಕೊಂಡು ಬಲಕ್ಕೆ ಸರಿಸುತ್ತಾರೆ. ಹೂಂ. ನಡುನಡುವೆ ಒಣ ಬ್ರೆಡ್ಡಿನ ಚೂರು, ಒಂದು ಗುಟುಕು ನೀರು. ಹನ್ನೆರಡನೆಯದಕ್ಕೆ ಹಣೆಯಲ್ಲಿ ಬೆವರು. ನನಗೆ ಎಲ್ಲವೂ ಒಂದೇ ವಾಸನೆ, ಅದನ್ನು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಹದಿನೇಳನೆಯ ಬಟ್ಟಲಿನ ಮುಂದೆ ಅಕ್ಕ ನಿಂತುಬಿಡುತ್ತಾರೆ. ಮೂಸುತ್ತಾರೆ, ಇಡುತ್ತಾರೆ, ಮತ್ತೆ ಎತ್ತುತ್ತಾರೆ. "ಇದು ಇರ..." ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಯಜಮಾನಿಯ ಮುಖ ನೋಡುತ್ತಾರೆ. ಯಜಮಾನಿ ಇಲ್ಲವೆಂದು ತಲೆಯಾಡಿಸುತ್ತಾರೆ. ಅಕ್ಕ ಕಣ್ಣು ಮುಚ್ಚಿ ಅದನ್ನು ಎಡಕ್ಕೆ ತಳ್ಳುತ್ತಾರೆ. ಊಹೂಂ.

ಮುಗಿದಾಗ ಬಲಕ್ಕೆ ಒಂಬತ್ತು, ಎಡಕ್ಕೆ ಹನ್ನೊಂದು. ಯಜಮಾನಿ ಒಂದೊಂದೇ ಬಟ್ಟಲನ್ನು ತೊಟ್ಟಿಗೆ ಸುರಿದು ತಳ ತಿರುಗಿಸುತ್ತಾರೆ. ಅಕ್ಕ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಾರೆ. ಬಲಗಡೆಯ ಒಂಬತ್ತರಲ್ಲಿ ಏಳು ತಮ್ಮನವು. ಎಡಗಡೆಯ ಹನ್ನೊಂದರಲ್ಲಿ ತಮ್ಮನವು ಒಂಬತ್ತು, ಹದಿನೇಳನೆಯದೂ ಸೇರಿ. ಎಡಕ್ಕೆ ಹೋದ ಉಳಿದೆರಡರಲ್ಲಿ ಒಂದು, ಹೋದ ತಿಂಗಳಷ್ಟೇ ಅಕ್ಕ ಸ್ವತಃ 'ಹೂಂ' ಬರೆದು ಎಲ್ಲರೆದುರು ಹೊಗಳಿದ್ದ ಪೀಪಾಯಿಯದು. ಯಜಮಾನಿ ನಗು ತಡೆಯಲಾರದೆ ಅದನ್ನು ಎತ್ತಿ ತೋರಿಸುತ್ತಾರೆ. "ಅದನ್ನೂ ಬರ್ಕೊಳ್ಳಿ" ಎಂದು ಅಕ್ಕ ನನ್ನ ಕಡೆ ತಿರುಗುತ್ತಾರೆ. "ಬಿಡಬೇಡಿ."

ಆದರೆ ಅಕ್ಕ ನಗುತ್ತಿಲ್ಲ. ಎಡಕ್ಕೆ ಹೋದ ತಮ್ಮನ ಒಂಬತ್ತು ಪೀಪಾಯಿಗಳ ಮಾದರಿ ಬಾಟಲಿ ತರಿಸಿಕೊಂಡು ಮತ್ತೊಮ್ಮೆ ಬಟ್ಟಲಿಗೆ ಹಾಕಿ ಮೂಸುತ್ತಾರೆ. ಐದನ್ನು ಒಂದು ಕಡೆ, ನಾಲ್ಕನ್ನು ಇನ್ನೊಂದು ಕಡೆ ಇಡುತ್ತಾರೆ. "ಈ ಐದರಲ್ಲಿ ಬೂದಿ ಹೋಗೇ ಇಲ್ಲ, ನೂರು ವರ್ಷ ಇಟ್ರೂ ಹೋಗಲ್ಲ. ಈ ನಾಲ್ಕರಲ್ಲಿ ಬೂದಿ ಇಲ್ಲ, ಬರೀ ಮರ. ನಾಲಿಗೆ ಒಣಗುತ್ತೆ. ಇವು ಮೂರು ವರ್ಷದ ಹಿಂದೆ ಸರಿಯಾಗಿದ್ವು. ಇವನ್ನ ಕೆಡಿಸಿದ್ದು ಬೆಂಕಿ ಅಲ್ಲ, ನಾನು." ಯಜಮಾನಿ ಅಕ್ಕನ ಭುಜದ ಮೇಲೆ ಕೈಯಿಡುತ್ತಾರೆ.

ತಮ್ಮನಿಗೆ ಹೇಳುವ ಕೆಲಸವನ್ನು ಯಜಮಾನಿ ತಾವೇ ಮಾಡುತ್ತೇನೆ ಎಂದರೂ ಅಕ್ಕ ಬಿಡುವುದಿಲ್ಲ. 'ಹೂಂ' ಆದ ಒಂದು ಪೀಪಾಯಿಯಿಂದ ಚಿಕ್ಕ ಲೋಟಕ್ಕೆ ಎರಡು ಬೆರಳಷ್ಟು ಹಿಡಿದುಕೊಂಡು ಅಂಗಳ ದಾಟುತ್ತಾರೆ. ತಗಡಿನ ಸೂರಿನ ಕೆಳಗೆ ಬೆಳ್ಳಗಾದ ಮೀಸೆಯ, ಗಟ್ಟಿ ತೋಳಿನ ಮನುಷ್ಯ ಪೀಪಾಯಿಗೆ ಪಟ್ಟಿ ಬಡಿಯುತ್ತಿದ್ದಾರೆ. ಅಕ್ಕ ಬಂದದ್ದು ಕಂಡರೂ ಬಡಿತ ನಿಲ್ಲುವುದಿಲ್ಲ.

"ಎಷ್ಟು?"

"ಏಳು."

ಬಡಿತ ನಿಲ್ಲುತ್ತದೆ. "ಏಳು ಹೋಯ್ತಾ?"

"ಏಳು ಉಳೀತು. ಒಂಬತ್ತು ಹೋಯ್ತು."

"ನಂಗೋಸ್ಕರ ಹೇಳ್ತಿಲ್ಲ ತಾನೆ?"

"ನಿಂಗೋಸ್ಕರ ಹೇಳೋದಾದ್ರೆ ಹದಿನಾರೂ ಅಂತಿದ್ದೆ. ಯಾವ್ದು ನಿಂದು ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣೋ. ಬೇಕಾದ್ರೆ ಈ ಪೇಪರಿನವ್ರನ್ನ ಕೇಳು." ನಾನು ಜೋರಾಗಿ ತಲೆಯಾಡಿಸುತ್ತೇನೆ. ಅಕ್ಕ ಉಸಿರು ತೆಗೆದುಕೊಂಡು ಮುಂದುವರಿಸುತ್ತಾರೆ. "ಒಂಬತ್ತರಲ್ಲಿ ಐದು ನಿಂದು. ನಾಲ್ಕು ನಂದು. ತೆಗೀಬೇಕಾದಾಗ ತೆಗೀದೆ ಬಿಟ್ಟೆ. ಹೆದರಿಕೆಗೆ."

ತಮ್ಮ ಸುತ್ತಿಗೆಯನ್ನು ಕೆಳಗಿಡುತ್ತಾರೆ. "ಹದಿಮೂರು ವರ್ಷ ಹದಿನಾರನ್ನೂ ನಾನೊಬ್ಬನೇ ಹೊತ್ಕೊಂಡಿದ್ದೆನಲ್ಲ ಅಕ್ಕ. ಮೊದ್ಲೇ ಹೇಳಬಾರ್ದಿತ್ತಾ?"

"ಮೊದ್ಲು ನನ್ನ ತಪ್ಪು ಆಗಿರ್ಲೇ ಇಲ್ವಲ್ಲೋ. ಈಗೀಗ ಆಗಿದ್ದು."

ಆತ ನಗುತ್ತಾರೆ. ಮೊದಲು ಮೀಸೆಯಡಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಅಕ್ಕನೂ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ನಗುತ್ತಾರೆ. ನಗು ನಿಂತ ಮೇಲೆ ಲೋಟ ಕೈ ಬದಲಾಯಿಸುತ್ತದೆ. ತಮ್ಮ ಮೂಸುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ, ಕುಡಿಯುತ್ತಾರೆ. ಉಗಿಯುವುದಿಲ್ಲ. ಖಾಲಿ ಲೋಟವನ್ನು ಅಂಗಿಯ ಚುಂಗಿನಿಂದ ಒರೆಸಿ ಅಕ್ಕನ ಕೈಗೆ ಕೊಟ್ಟು, "ಮಗಳಿಗೆ ಹೇಳ್ತೀನಿ" ಎಂದಷ್ಟೇ ಅನ್ನುತ್ತಾರೆ. ಆ ಹದಿಮೂರರ ಹುಡುಗಿಗೆ ತಾನು ಹುಟ್ಟಿದ ದಿನ ಅಪ್ಪ ಏನು ಮಾಡಿದ್ದರು ಎಂದು ಈವರೆಗೆ ಯಾರೂ ಹೇಳಿಲ್ಲವಂತೆ.

ಹಿಂದಿನಿಂದ ಬಂದ ಯಜಮಾನಿ ರುಚಿ ನೋಡಿ ಮನಸೋತಿದ್ದಾರೆ. ಇದೇ ತರ ಇನ್ನೊಂದಿಷ್ಟು ಪೀಪಾಯಿ ಸುಡಬಹುದೇ ಎಂದು ಕೇಳುತ್ತಾರೆ. "ಆಗಲ್ಲ ಮೇಡಂ" ಎನ್ನುತ್ತಾರೆ ತಮ್ಮ, "ಅದಕ್ಕೆ ನಂಗೆ ಇನ್ನೊಂದು ಮಗಳು ಹುಟ್ಟಬೇಕು." ಆದರೂ ಮಾತು ಮುಗಿಸಿ ಕುಲುಮೆಯ ಕಡೆಗೊಮ್ಮೆ ಕಣ್ಣು ಹಾಯಿಸಿದ್ದನ್ನು ನಾನು ನೋಡಿದೆ. ಯಜಮಾನಿಯೂ ನೋಡಿದರು.

ವಾಪಸು ಬರುವಾಗ ಅಕ್ಕನ ನಡಿಗೆ ನಿಧಾನ, ಮೊಣಕಾಲು ನೋಯುತ್ತಿದೆ. ಎರಡನೇ ಮಹಡಿಯ ನಾನೂರು ಇನ್ನೂ ಬಾಕಿ. ಪೇಪರಿನಲ್ಲಿ ಏನು ಬರೆಯಲಿ ಅಕ್ಕ ಎನ್ನುತ್ತೇನೆ. ಮೂಗು ದೊಡ್ಡದು ಅಂತ ಬರೆಯಬೇಡಿ ಎಂದು ನಗುತ್ತಾರೆ. ಮೂಲೆಯ ಆ ಸಾಲಿನ ಮುಂದೆ ನಿಂತು, ಒದ್ದೆ ಬಟ್ಟೆಯಿಂದ ಹದಿನಾರು 'ಇರಲಿ'ಗಳನ್ನೂ ಒಂದೊಂದಾಗಿ ಒರೆಸಿ, ಏಳರ ಮೇಲೆ 'ಹೂಂ', ಒಂಬತ್ತರ ಮೇಲೆ 'ಊಹೂಂ' ಬರೆಯುತ್ತಾರೆ. ಸೀಮೆಸುಣ್ಣ ಮತ್ತೆ ಕಿವಿಯ ಹಿಂದೆ ಹೋಗುತ್ತದೆ.

"ತಮ್ಮಂದು ಅಂತ ಒಂದನ್ನೂ ಉಳಿಸ್ಲಿಲ್ಲ. ತಮ್ಮಂದು ಅಂತ ಒಂದನ್ನೂ ಕಳೀಲಿಲ್ಲ" ಎನ್ನುತ್ತಾರೆ, ನನಗಿಂತ ಹೆಚ್ಚಾಗಿ ಪೀಪಾಯಿಗಳಿಗೆ. "ಮೂವತ್ತೊಂದು ವರ್ಷ ಸಂಬಳ ತಗೊಂಡಿದೀನಿ. ಇವತ್ತು ಕೆಲಸ ಮಾಡ್ದೆ ಅನ್ಸುತ್ತೆ."